ಮಿದುಳಿಗೆ ತಡೆಗೋಡೆ ಇದ್ದರೂ ವಿಷ ಒಳಹೋಗುವುದು ಹೇಗೆ?

ಪ್ರಶ್ನೆ:
ರಕ್ತದಲ್ಲಿರುವುದೆಲ್ಲ ಮಿದುಳನ್ನು ಸೇರದಂತೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ತಡೆಗೋಡೆಯಾಗಿ ನಿಂತಿರುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಪಾದರಸ, ಸೀಸಗಳಂಥ ಲೋಹಗಳು ಅದನ್ನು ದಾಟುವುದು ಹೇಗೆ? ಹೆಕ್ಸೇನ್‌ನಂಥ ದ್ರಾವಕದ ವಿಷ ಮೊದಲು ಕಾಲ್ಬೆರಳುಗಳಲ್ಲಿ ಕಾಣಿಸಿಕೊಳ್ಳುವುದೇಕೆ?

ಉತ್ತರ 1:
ಗೋಡೆಯನ್ನು ಒಡೆಯುವ ಬದಲು ವೇಷ ಮರೆಸಿಕೊಂಡು ಬಾಗಿಲಿನಿಂದಲೇ ಒಳಬರುವುದು ಈ ಲೋಹಗಳ ರೀತಿ. ಮಿದುಳಿಗೆ ಅಮೈನೋ ಆಮ್ಲಗಳು ಬೇಕೇ ಬೇಕು. ಅವನ್ನು ಸಾಗಿಸುವ ವಾಹಕ ಪ್ರೋಟೀನ್‌ಗಳು ಗೋಡೆಯಲ್ಲಿವೆ. ಪಾದರಸದ ಸಂಯುಕ್ತವಾದ ಮೀಥೈಲ್ ಪಾದರಸವು ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆ ಕೂಡಿದಾಗ ಮಿಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಹೋಲುವುದರಿಂದ ಆ ವಾಹಕಗಳೇ ಅದನ್ನು ಒಳಗೆ ದಾಟಿಸುತ್ತವೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ ಇದೇ ಪಾದರಸ. ಕಾರ್ಖಾನೆಯ ತ್ಯಾಜ್ಯದಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಅದು ಹರಿದಿತ್ತು. ಕಿರುಮಿದುಳೂ ದೃಷ್ಟಿಯ ಭಾಗವೂ ಹಾಳಾಗಿ ರೋಗಿಗಳ ನಡಿಗೆ ತತ್ತರಿಸಿತು, ನೋಟ ಅಂಚುಗಳಿಂದ ಕುಗ್ಗುತ್ತ ಬಂತು. ಅಷ್ಟೇನೂ ಲಕ್ಷಣಗಳಿಲ್ಲದ ತಾಯಂದಿರ ಗರ್ಭದಲ್ಲಿದ್ದ ಶಿಶುಗಳ ಮಿದುಳು ಕೂಡ ತೀವ್ರವಾಗಿ ಘಾಸಿಗೊಂಡಿತು ಎಂಬುದು ಇದರಲ್ಲಿ ಅತ್ಯಂತ ಕಳವಳಕಾರಿ ಅಂಶವೆಂದು ನನಗನಿಸುತ್ತದೆ.

ಸೀಸದ ಸೋಗು ಕ್ಯಾಲ್ಸಿಯಂನದು. ನರಕೋಶಗಳ ನಡುವಿನ ಸಂದೇಶವಹನ ಕ್ಯಾಲ್ಸಿಯಂ ಅನ್ನು ನೆಚ್ಚಿಕೊಂಡಿರುವುದರಿಂದ, ಕಲಿಕೆ ಭರದಿಂದ ಸಾಗುವ ಎಳೆಯ ಮಿದುಳಿಗೇ ಅದರ ಪೆಟ್ಟು ಹೆಚ್ಚು. ರಕ್ತದಲ್ಲಿ ಸೀಸದ ಮಟ್ಟ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯಬಹುದು, ಆದರೆ ಮೂಳೆಯಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹೀಗಾಗಿ ವರ್ಷಗಳ ನಂತರದ ರಕ್ತಪರೀಕ್ಷೆ ಹಳೆಯ ಹಾನಿಯನ್ನು ತೋರಿಸದೇ ಹೋಗಬಹುದು.

ಉತ್ತರ 2:
ಕಾಲ್ಬೆರಳಿನ ವಿಷಯ ಬೇರೆ. ದೇಹದಲ್ಲಿ ಹೆಕ್ಸೇನ್ ರೂಪಾಂತರಗೊಂಡು ಹುಟ್ಟುವ ವಸ್ತುವೊಂದು ನರತಂತುವಿನ ಆಧಾರ ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕೋಶದಿಂದ ತುದಿಗೆ ನಡೆಯಬೇಕಾದ ಸಾಗಣೆ ನಿಂತು, ಬೆನ್ನುಹುರಿಯಿಂದ ಪಾದದವರೆಗೆ ಸುಮಾರು 1 ಮೀಟರ್ ಚಾಚಿರುವ ಉದ್ದನೆಯ ತಂತುಗಳು ಮೊದಲು ಸೊರಗುತ್ತವೆ. ದ್ರಾವಕದ ಸಂಪರ್ಕ ತಪ್ಪಿದ ಮೇಲೂ ಕೆಲವು ವಾರಗಳ ಕಾಲ ಮರಗಟ್ಟುವಿಕೆ ಮತ್ತು ನಿಶ್ಶಕ್ತಿ ಉಲ್ಬಣಿಸುವುದುಂಟು.

ಉತ್ತರ 3:
ಎಲ್ಲ ವಿಷಗಳಿಗೂ ವೇಷ ಬೇಕಿಲ್ಲ ಎಂಬುದನ್ನು ಸೇರಿಸಬೇಕು. ಆರ್ಗನೋಫಾಸ್ಫೇಟ್ ಕೀಟನಾಶಕಗಳಲ್ಲಿ ಹೆಚ್ಚಿನವು ಕೊಬ್ಬಿನಲ್ಲಿ ಕರಗುವುದರಿಂದ ಗೋಡೆಯನ್ನು ನೇರವಾಗಿ ದಾಟುತ್ತವೆ. ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಅವು ಕಟ್ಟಿಹಾಕಿದಾಗ ಸಂದೇಶ ನಿಲ್ಲುವುದೇ ಇಲ್ಲ: ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಸ್ನಾಯುಗಳು ಅದುರಿ ಕೊನೆಗೆ ಸೋಲುತ್ತವೆ. ಇದಕ್ಕೆ ಕೊಡುವ ಅಟ್ರೋಪಿನ್ ಎಂಬ ಔಷಧ ಸ್ರಾವಗಳನ್ನು ತಡೆದರೂ ಸ್ನಾಯುಗಳ ಸೋಲನ್ನು ಸರಿಪಡಿಸದ ಕಾರಣ, ಉಸಿರಾಟ ಕುಸಿದವರಿಗೆ ವೆಂಟಿಲೇಟರ್ ಅನಿವಾರ್ಯವಾಗುತ್ತದೆ.