ಬ್ರೂಗಲ್‌ನ ಆಲ್ಪ್ಸ್ ರೇಖಾಚಿತ್ರ: ಅಸಲಿ ಗುರುತಿಸೋದು ಹೇಗೆ?

ಪ್ರಶ್ನೆ: ನೆದರ್ಲ್ಯಾಂಡ್ಸ್ ಕಡೆಯ ಚಿತ್ರಕಾರ ಪೀಟರ್ ಬ್ರೂಗಲ್ 1550ರ ದಶಕದಲ್ಲಿ ಆಲ್ಪ್ಸ್ ದಾಟಿ ಇಟಲಿಗೆ ಹೋಗಿಬಂದಾಗ ಬರೆದದ್ದು ಎಂದು ಹಳೆಯ ಪುಸ್ತಕಗಳು ಹೇಳುವ ಕೆಲವು ಬೆಟ್ಟದ ಚಿತ್ರಗಳನ್ನು ಈಗ ಅವನ ನಂತರದ ಚಿತ್ರಕಾರರಾದ ಸಾವರಿ ಸಹೋದರರಿಗೆ ಸೇರಿಸಿದ್ದಾರೆ. ಆಧಾರವೇನು?

ಉತ್ತರ 1: ಬಲವಾದ ಸಾಕ್ಷಿ ಕಾಗದವೇ. ಆಗ ಕೈಯಿಂದ ಕಾಗದ ತಯಾರಿಸುತ್ತಿದ್ದ ಅಚ್ಚಿನ ಜಾಲರಿಗೆ ತಂತಿಯಲ್ಲಿ ಮಾಡಿದ ಒಂದು ಆಕೃತಿ ಹೊಲಿದಿರುತ್ತಿದ್ದರು. ಅಲ್ಲಿ ತಿರುಳು ತೆಳುವಾಗಿ ಕೂರುವುದರಿಂದ ಹಾಳೆಯನ್ನು ಬೆಳಕಿಗೆ ಹಿಡಿದರೆ ನೀರುಗುರುತು ಕಾಣುತ್ತದೆ. ಅಚ್ಚು ಬೇಗ ಸವೆಯುತ್ತದೆ, ಒಂದೇ ಗುರುತು ಹೆಚ್ಚು ಕಾಲ ಬಳಕೆಯಲ್ಲಿ ಇರುವುದಿಲ್ಲ, ಹಾಗಾಗಿ ಕಾಲವನ್ನು ಸುಮಾರಾಗಿ ಹಿಡಿಯಬಹುದು. ಕೆಲವು ಹಾಳೆಗಳು 1580ರ ದಶಕದವು. ಬ್ರೂಗಲ್ ತೀರಿಕೊಂಡದ್ದು 1569ರಲ್ಲಿ! ರುಜುವನ್ನು ಮಾತ್ರ ನಂಬಬೇಡಿ. ಬ್ರೂಗಲ್ ಹೆಸರು, 1559–62ರ ಇಸವಿ ಇರುವ ಸಣ್ಣ ಚಿತ್ರಗಳನ್ನು ಕಲಾ ಇತಿಹಾಸಕಾರ ಹಾನ್ಸ್ ಮೀಲ್ಕೆ ಯಾಕೋಬ್ ಸಾವರಿಯ ಕೈಕೆಲಸವೆಂದು ತೋರಿಸಿಕೊಟ್ಟರು.

ಪ್ರಶ್ನೆ: ನೀರುಗುರುತು ನೋಡೋಕೆ ಮ್ಯೂಸಿಯಂ ಸೈಟಿನ ಸ್ಕ್ಯಾನ್ ಸಾಕಾಗುತ್ತಾ ಸರ್?

ಉತ್ತರ 1: ಸಾಲದು. ಸ್ಕ್ಯಾನ್‌ನಲ್ಲಿ ಬೆಳಕು ಮೇಲಿಂದ ಬೀಳುತ್ತದೆ. ಹಿಂಬದಿಯಿಂದ ಬೆಳಕು ಹಾಯಿಸಿ ತೆಗೆದ ಫೋಟೊ ಕೇಳಿ. ಹಾಳೆಯನ್ನು ರಟ್ಟಿಗೆ ಅಂಟಿಸಿದ್ದರೆ ಅದೂ ಕಷ್ಟ.

ಉತ್ತರ 2: ಬ್ರೂಗಲ್‌ನ ರೇಖಾಚಿತ್ರಗಳಿಂದ ಮಾಡಿಸಿ ಹಿರೋನಿಮಸ್ ಕಾಕ್ ಆಂಟ್ವರ್ಪ್‌ನಲ್ಲಿ ಪ್ರಕಟಿಸಿದ ದೊಡ್ಡ ಭೂದೃಶ್ಯಗಳ ಮುದ್ರಣಗಳ ಜೊತೆ ಹೋಲಿಸುವಾಗ ಎಚ್ಚರ. ತಾಮ್ರದ ತಗಡಿನ ಮೇಲೆ ಗೆರೆ ಎಳೆದವರು ಡೂಟೆಕುಮ್ ಸಹೋದರರು, ಬ್ರೂಗಲ್ ಅಲ್ಲ. ಮುದ್ರಣದಲ್ಲಿ ಎಡಬಲವೂ ಅದಲುಬದಲಾಗುತ್ತದೆ. ಮೊದಲು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಕೊಳ್ಳಿ. ಇನ್ನು ಶಾಯಿಯ ಕಂದು ಬಣ್ಣದಿಂದ ವಯಸ್ಸು ಹೇಳಲಾಗದು, ಕಬ್ಬಿಣದ ಅಂಶವಿರುವ ಶಾಯಿ ಯಾರದ್ದಾದರೂ ಕಂದಾಗುತ್ತದೆ.