ಬ್ಲೋವರ್ ಸ್ಟಾರ್ಟ್ ಆಗುತ್ತೆ, ರೇಸ್ ಕೊಟ್ಟ ಕೂಡಲೇ ಆಫ್. ಅರ್ಧ ಚೋಕಲ್ಲಿ ಓಡಿಸಬಹುದಾ?

ಬೆಟ್ಟದಂಚು, ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೈಯಲ್ಲಿ ಹಿಡಿಯುವ ಪೆಟ್ರೋಲ್ ಬ್ಲೋವರ್, ಟೂ-ಸ್ಟ್ರೋಕ್. ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಒಟ್ಟುವುದಕ್ಕೆ, ಅಡಿಕೆ ಒಣಗಿಸುವ ಅಂಗಳಕ್ಕೆ ಬಳಸುತ್ತೇವೆ. ಮಳೆಗಾಲ ಪೂರ್ತಿ ಅಟ್ಟದ ಮೇಲಿತ್ತು, ಟ್ಯಾಂಕಲ್ಲಿ ಅರ್ಧದಷ್ಟು ಆಯಿಲ್ ಬೆರೆಸಿದ ಮಿಕ್ಸ್ ಪೆಟ್ರೋಲ್ ಉಳಿದಿತ್ತು. ಈಗ ಇಳಿಸಿದರೆ ಸ್ಟಾರ್ಟ್ ಆಗುತ್ತದೆ, ನಿಧಾನಕ್ಕೆ ಓಡುತ್ತದೆ, ರೇಸ್ ಕೊಟ್ಟರೆ ಆಫ್. ಚೋಕ್ ಅರ್ಧ ಎಳೆದಿಟ್ಟರೆ ಮಾತ್ರ ನಿಲ್ಲುವುದಿಲ್ಲ. ಪ್ಲಗ್ ಹೊಸದು ಹಾಕಿದೆ, ಏರ್ ಫಿಲ್ಟರ್ ತೊಳೆದೆ, ವ್ಯತ್ಯಾಸ ಇಲ್ಲ. ಅಪ್ಪಯ್ಯ ಈ ಸಲಕ್ಕೆ ಅರ್ಧ ಚೋಕಲ್ಲೇ ಕೆಲಸ ಮುಗಿಸೋಣ ಅಂತಾರೆ. ಇನ್ನೊಂದು ವಿಷಯ, ಬ್ಲೋವರ್ ಹಿಡಿದ ದಿನ ರಾತ್ರಿವರೆಗೂ ಅವರ ಕಿವಿ ಗುಂಯ್ ಅನ್ನುತ್ತದಂತೆ. ಎಲ್ಲರಿಗೂ ಹೀಗಾಗುತ್ತದಾ?

ಟೂಸ್ಟ್ರೋಕ್ ರಿಪೇರಿ, ಸಿದ್ದಾಪುರ:
ಅರ್ಧ ಚೋಕಲ್ಲಿ ಓಡಿಸಲೇಬೇಡಿ ಅಂತ ಅಪ್ಪಯ್ಯನಿಗೆ ಹೇಳಿ. ಚೋಕ್ ಒಳಗೆ ಹೋಗುವ ಗಾಳಿ ಕಡಿಮೆ ಮಾಡುತ್ತದೆ; ಅದನ್ನು ಎಳೆದರೆ ಮಾತ್ರ ಓಡುತ್ತದೆ ಅಂದರೆ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಆಯಿಲ್ ಸಿಗುವುದೇ ಪೆಟ್ರೋಲಿನ ಮೂಲಕ. ಪೆಟ್ರೋಲ್ ಕಡಿಮೆ ಹೋದರೆ ಆಯಿಲೂ ಕಡಿಮೆ, ಬಿಸಿ ಹೆಚ್ಚು, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಮೇಲೆ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್), ಪಿಸ್ಟನ್ ಎರಡೂ ಹೋಯಿತು.

ಮೊದಲು ಟ್ಯಾಂಕಲ್ಲಿ ಇರುವುದನ್ನು ಪೂರ್ತಿ ಒಂದು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು ಹೀರಿದ ಎಥನಾಲ್. ಈಗ ಬಂಕಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ನಮ್ಮ ಕಡೆ ಮಳೆಗಾಲದ ಥಂಡಿಗೆ ಅದು ಗಾಳಿಯಲ್ಲಿರುವ ನೀರನ್ನು ಎಳೆದುಕೊಂಡು, ಒಂದು ಹಂತ ದಾಟಿದ ಮೇಲೆ ಪೆಟ್ರೋಲಿನಿಂದ ಬೇರೆಯಾಗಿ ಕೆಳಗೆ ಇಳಿಯುತ್ತದೆ. ನೀವು ಹಾಕಿದ ಟೂ-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ. ಅಂದರೆ ಆಯಿಲ್ ಇಲ್ಲದ ನೀರು ಮಿಶ್ರಿತ ಎಥನಾಲ್ ಇಂಜಿನ್ನಿಗೆ ಹೋಗುತ್ತಿರುತ್ತದೆ. ಬ್ಲೋವರ್, ಕಳೆ ಕೊಚ್ಚುವ ಮಷಿನ್, ದೋಟಿ ಮಷಿನ್ ಎಲ್ಲ ದೀಪಾವಳಿ ಕಳೆದ ಕೂಡಲೇ ಒಟ್ಟಿಗೆ ರಿಪೇರಿಗೆ ಬರುವುದಕ್ಕೆ ದೊಡ್ಡ ಕಾರಣ ಇದೇ.

ಆಮೇಲೆ ಟ್ಯಾಂಕಿನ ಒಳಗಿನ ಪೆಟ್ರೋಲ್ ಫಿಲ್ಟರ್ ಬದಲಿಸಿ, ಹೆಚ್ಚೇನೂ ಖರ್ಚಿಲ್ಲ. ಮುಚ್ಚಳದ ಗಾಳಿ ತೂತೂ ನೋಡಿ. ಆಫ್ ಆದಾಗ ಇಂಜಿನ್ ತಣಿದ ಮೇಲೆ ಮುಚ್ಚಳ ನಿಧಾನ ತಿರುಗಿಸಿ, ಸುಯ್ ಎಂದು ಗಾಳಿ ಒಳಗೆ ಎಳೆದರೆ ತೂತು ಕಟ್ಟಿದೆ. ಇವೆರಡೂ ಸರಿ ಇದ್ದರೆ ಕಾರ್ಬರೇಟರಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಗಟ್ಟಿಯಾಗಿರಬೇಕು, ಬದಲಿಸುವ ಕಿಟ್ ಸಿಗುತ್ತದೆ. ಕಾರ್ಬರೇಟರಿನ ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗಬೇಡಿ.

ಸೈಲೆನ್ಸರ್ ಬಾಯಲ್ಲಿ ಸಣ್ಣ ಜಾಲಿ ಇದೆಯಾ ನೋಡಿ. ಮಸಿ ಕಟ್ಟಿದ್ದರೂ ರೇಸ್ ಏರುವುದಿಲ್ಲ. ಬ್ರಷ್ಷಲ್ಲಿ ಉಜ್ಜಿ ಹಾಕಿ. ಕಿತ್ತು ಬಿಸಾಡಿ ಎನ್ನುವವರು ಇದ್ದಾರೆ, ಕೇಳಬೇಡಿ. ಕಿಡಿ ಹೊರಗೆ ಬಾರದಂತೆ ತಡೆಯುವುದೇ ಆ ಜಾಲಿ, ನೀವು ಓಡಿಸುವುದು ಒಣ ದರಕಿನ ನಡುವೆ. ಏನೇ ಬಿಚ್ಚುವಾಗಲೂ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿಡಿ.

ಕಡಲದಂಡೆ, ಕಾರವಾರ:
ಕಿವಿಯ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗುಂಯ್ ಅನ್ನುವುದು ಕಿವಿಗೆ ಪೆಟ್ಟಾಗುತ್ತಿರುವುದರ ಸೂಚನೆ. 85 ಡೆಸಿಬೆಲ್ ಸದ್ದನ್ನು 8 ಗಂಟೆ ಕೇಳಬಹುದು ಎನ್ನುವುದು ಲೆಕ್ಕ. ಪ್ರತಿ 3 ಡೆಸಿಬೆಲ್ ಹೆಚ್ಚಾದಂತೆ ಆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. ಪೆಟ್ರೋಲ್ ಬ್ಲೋವರ್ ಹಿಡಿದವರ ಕಿವಿಯ ಹತ್ತಿರ 100 ಡೆಸಿಬೆಲ್ ಆಸುಪಾಸು ಇರುತ್ತದೆ, ಅಂದರೆ ಕಾಲು ಗಂಟೆ ಸಾಕು. ಹತ್ತಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ತಂದುಕೊಡಿ, ಒಮ್ಮೆ ಹೋದ ಕಿವಿ ವಾಪಸ್ ಬರುವುದಿಲ್ಲ. ಕಣ್ಣಿಗೆ ಬದಿಯೂ ಮುಚ್ಚುವ ಕನ್ನಡಕ ಬೇಕು. ಗಾಳಿ ಗಂಟೆಗೆ 200 ಕಿ.ಮೀ. ಮೀರಿ ಹೊರಡುತ್ತದೆ, ಜಂಬಿಟ್ಟಿಗೆ ಕಲ್ಲಿನ ಚೂರು ಯಾವ ಕಡೆ ಸಿಡಿಯುತ್ತದೆ ಹೇಳಲಾಗದು. ಅಂಗಳದಲ್ಲಿ ಮಕ್ಕಳು, ದನ ಇದ್ದರೆ 15 ಮೀಟರ್ ಆಚೆ ಇರಲಿ.

ಬರೀ ಅಂಗಳಕ್ಕಾದರೆ ಕರೆಂಟಿನ ಬ್ಲೋವರ್ ಸಾಕು ಅನ್ನುತ್ತೇನೆ ನಾನು. ಆದರೆ ಒದ್ದೆ ನೆಲದಲ್ಲಿ ಬೇಡ, ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಆಫ್ ಆಗುವ ಸ್ವಿಚ್) ಇರಲೇಬೇಕು.

ಬೆಟ್ಟದಂಚು, ಶಿರಸಿ:
ಇಬ್ಬರಿಗೂ ಧನ್ಯವಾದ. ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಬೇರೆ ಪದರ ನಿಂತಿದೆ! ಫಿಲ್ಟರ್ ಬದಲಿಸಿ ಹೊಸ ಮಿಕ್ಸ್ ಹಾಕಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಪೂರ್ತಿ ರೇಸಿಗೆ ಸ್ವಲ್ಪ ತಡವರಿಸುತ್ತದೆ. ಲೀಟರಿಗೆ 20 ಮಿ.ಲೀ. ಆಯಿಲ್ ಸರಿಯಾ? ಊರಲ್ಲಿ ಒಬ್ಬರು 40 ಅಂತಾರೆ.

ಟೂಸ್ಟ್ರೋಕ್ ರಿಪೇರಿ, ಸಿದ್ದಾಪುರ:
20 ಅಂದರೆ 1:50, 40 ಅಂದರೆ 1:25. ಎರಡೂ ಇದೆ, ಮಷಿನ್ ಮೇಲೆ ನಿರ್ಧಾರ. ಟ್ಯಾಂಕಿನ ಮುಚ್ಚಳದ ಮೇಲೋ ಪುಸ್ತಕದಲ್ಲೋ ಬರೆದಿರುತ್ತದೆ, ಅದೇ ಅಂತಿಮ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಕಲಸಿ. ತಡವರಿಸುವುದು ಡಯಾಫ್ರಮ್ಮೇ. ಕಿಟ್ ತರುವಾಗ ಕಾರ್ಬರೇಟರ್ ಮೇಲಿನ ನಂಬರಿನ ಫೋಟೋ ಒಯ್ಯಿರಿ. ಪೆಟ್ರೋಲ್ ಹಾಕುವಾಗ ಇಂಜಿನ್ ತಣಿದಿರಲಿ, ಹಾಕಿದ ಜಾಗದಿಂದ 3 ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ. ಬಿಸಿ ಮಷಿನನ್ನು ದರಕಿನ ರಾಶಿ ಮೇಲೆ ಇಡಲೇಬಾರದು. ಕೊಟ್ಟಿಗೆಯ ಒಳಗೆ ಓಡಿಸಬೇಡಿ, ಹೊಗೆಯ ವಿಷ ವಾಸನೆಯಿಂದ ಗೊತ್ತಾಗುವುದಿಲ್ಲ.

ಸೊಪ್ಪಿನಬೆಟ್ಟ, ಸಿದ್ದಾಪುರ:
ಬೆಟ್ಟದ ದರಕು ಅಂದಿದ್ದಕ್ಕೆ ಒಂದು ಮಾತು. ಮಂಗನ ಕಾಯಿಲೆ ಹರಡುವ ಉಣುಗಿನ ಮರಿಗಳು ಹೆಚ್ಚಾಗಿ ಇರುವುದು ಚಳಿಗಾಲದಿಂದ ಬೇಸಿಗೆವರೆಗೆ, ಅದೂ ಇದೇ ಒಣ ಎಲೆಯಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಕಾಯಿಲೆ, 2024ರ ಆರಂಭದಲ್ಲಿ ನಮ್ಮ ತಾಲ್ಲೂಕಿನಲ್ಲೂ ಹಲವರಿಗೆ ಬಂದಿತ್ತು. ಎಲೆ ಹಾರುವಾಗ ಅದರಲ್ಲಿ ಇದ್ದದ್ದೂ ಹಾರುತ್ತದೆ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ, ಹೊರಡುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತ ಸುದ್ದಿ ಇರುವ ಕಡೆ ಬ್ಲೋವರ್ ತೆಗೆದುಕೊಂಡು ಹೋಗಲೇಬೇಡಿ, ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ.

ಬೆಟ್ಟದಂಚು, ಶಿರಸಿ:
ಡೆಪಾ ಎಣ್ಣೆ ನಾಳೆಯೇ ವಿಚಾರಿಸುತ್ತೇನೆ. ಕಿಟ್ ಹಾಕುವವರೆಗೆ ಮಷಿನ್ ಮುಟ್ಟುವುದಿಲ್ಲ ಅಂತ ಅಪ್ಪಯ್ಯ ಒಪ್ಪಿದ್ದಾರೆ. ಇಯರ್ ಮಫ್ ಶಿರಸಿ ಪೇಟೆಯಲ್ಲಿ ಸಿಗುತ್ತದಾ, ಹುಬ್ಬಳ್ಳಿಯಿಂದ ತರಿಸಬೇಕಾ? ಗೊತ್ತಿದ್ದವರು ತಿಳಿಸಿ.