ನೆಲಬೇವಿನ ಸಾರಕ್ಕೆ ನೀರಾ, ಮೆಥನಾಲಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ನೆಲಬೇವಿನ ಎಲೆ ತೆಗೆದುಕೊಂಡಿದ್ದೇನೆ. ಅದರ ಕಹಿ ಅಂಶ ಆಂಡ್ರೋಗ್ರಫೋಲೈಡ್ ಬೇಕು. ನೀರಲ್ಲಿ ಕುದಿಸಿದ ಸಾರದ ತೂಕ ಜಾಸ್ತಿ ಬಂತು, ಮೆಥನಾಲಿನದು ಕಡಿಮೆ. ಆದರೂ ಗೈಡ್ ಮೆಥನಾಲೇ ಇರಲಿ ಅನ್ನುತ್ತಾರೆ. ಯಾಕೆ?

ಉತ್ತರ 1: ನಿಮ್ಮ ಗೈಡ್ ಹೇಳಿದ್ದು ಸರಿ. ತೂಕ ನೋಡಿ ದ್ರಾವಕ ಆರಿಸಬೇಡಿ. ನೀರು ಎಲೆಯಲ್ಲಿರುವ ಸಕ್ಕರೆ, ಉಪ್ಪಿನಂಶ, ಲೋಳೆ, ಟ್ಯಾನಿನ್ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ, ತಕ್ಕಡಿ ತೋರಿಸುವುದು ಬಹುಪಾಲು ಅದನ್ನೇ. ಆಂಡ್ರೋಗ್ರಫೋಲೈಡ್ ತಣ್ಣೀರಲ್ಲಿ ಕರಗುವುದೇ ಕಷ್ಟ. ಬಿಸಿ ನೀರಿಗೆ ಒಂದಿಷ್ಟು ಇಳಿಯುತ್ತದೆ, ಕಷಾಯ ಕಹಿ ಇರುತ್ತದಲ್ವಾ, ಆದರೆ ಮೆಥನಾಲ್, ಎಥನಾಲ್‌ಗೆ ಬರುವಷ್ಟು ಬರುವುದಿಲ್ಲ. ಎರಡೂ ಸಾರವನ್ನು ಒಂದೇ ಟಿ.ಎಲ್.ಸಿ. ಪ್ಲೇಟಿನಲ್ಲಿ (ಸಾರದ ಅಂಶಗಳನ್ನು ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ಪ್ಲೇಟು) ಸ್ಟ್ಯಾಂಡರ್ಡ್, ಅಂದರೆ ಶುದ್ಧ ಆಂಡ್ರೋಗ್ರಫೋಲೈಡ್, ಪಕ್ಕ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಹಸಿರು. ಎಲೆಯ ಮೆಥನಾಲ್ ಸಾರ ರೋಟರಿಯಲ್ಲಿ (ಫ್ಲಾಸ್ಕ್ ತಿರುಗಿಸುತ್ತಾ ದ್ರಾವಕ ಆವಿ ಮಾಡುವ ಯಂತ್ರ) ಒಣಗುತ್ತಾ ಬಂದಾಗ ಕಪ್ಪು ಹಸಿರು ಅಂಟಾಗಿ ಫ್ಲಾಸ್ಕಿನ ತಳಕ್ಕೆ ಹಿಡಿಯುತ್ತದೆ, ಸ್ಪಾಟುಲಾ ಹಾಕಿ ಕೆರೆದರೂ ಅರ್ಧ ಅಲ್ಲೇ ಉಳಿಯುತ್ತದೆ. ಅದಕ್ಕೇ ನಾವು ನೆರಳಲ್ಲಿ ಒಣಗಿಸಿದ ಪುಡಿಯನ್ನು ಮೊದಲು ಪೆಟ್ರೋಲಿಯಂ ಈಥರ್‌ನಲ್ಲಿ ತೊಳೆಯುತ್ತೇವೆ. ಮೇಣ, ಕೊಬ್ಬು, ಸಾಕಷ್ಟು ಹಸಿರು ಅದರಲ್ಲೇ ಹೋಗುತ್ತದೆ. ನಿಮಗೆ ಬೇಕಾದದ್ದು ಅದಕ್ಕೆ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಪುಡಿಯಲ್ಲೇ ಉಳಿಯುತ್ತದೆ. ಆ ಪುಡಿ ಪೂರ್ತಿ ಆರಿದ ಮೇಲೆ ಮೆಥನಾಲ್ ಹಾಕಿ.

ಸಾಕ್ಸ್‌ಲೆಟ್ (ದ್ರಾವಕ ಕುದಿಸಿ, ತಣಿಸಿ, ಪುಡಿಯ ಮೇಲೆ ಮತ್ತೆ ಮತ್ತೆ ಸುರಿಸುವ ಉಪಕರಣ) ಇದೆ ಅಂತ ಸುಮ್ನೆ ಅದನ್ನೇ ಹಿಡಿಯಬೇಡಿ. ಮೆಥನಾಲ್ 65 ಡಿಗ್ರಿಯಲ್ಲಿ ಕುದಿಯುತ್ತದೆ, ಇಳಿದು ಬಂದ ಸಾರ ಕೆಳಗಿನ ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಬೇಯುತ್ತಲೇ ಇರುತ್ತದೆ. ಬಿಸಿ ತಡೆಯದ ಅಂಶವಾದರೆ ಅಲ್ಲೇ ಕೆಡುತ್ತದೆ. ಚೀನಾದ ವಿಜ್ಞಾನಿ ತು ಯೂಯೂ ಅವರ ಕತೆ ಇದೇ ಅಲ್ವಾ. ಮಲೇರಿಯಾಕ್ಕೆ ಚಿಂಗ್‌ಹಾವ್ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. 4ನೇ ಶತಮಾನದ ಚೀನೀ ವೈದ್ಯ ಗ ಹೊಂಗ್ ತಮ್ಮ ಗ್ರಂಥದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಅಂತ ಬರೆದಿದ್ದರು, ಕುದಿಸುವ ಮಾತೇ ಅಲ್ಲಿರಲಿಲ್ಲ. ಅದನ್ನು ಓದಿ ತು ಯೂಯೂ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ (ಮೇಲಿನ ಪೆಟ್ರೋಲಿಯಂ ಈಥರ್ ಅಲ್ಲ) ಹಿಡಿದರು. 1971ರಲ್ಲಿ ಆ ಸಾರ ಇಲಿಗಳ ಮಲೇರಿಯಾ ಮೇಲೆ ಪೂರ್ತಿ ಕೆಲಸ ಮಾಡಿತು, 2015ರಲ್ಲಿ ನೊಬೆಲ್ ಬಂತು. ಗಿಡ ಅದೇ, ದ್ರಾವಕ ಮತ್ತು ಬಿಸಿ ಮಾತ್ರ ಬೇರೆ.

ಉತ್ತರ 2: ನಾನು ಸಾರ ತಯಾರಿಸುವ ಫ್ಯಾಕ್ಟರಿಯಲ್ಲಿದ್ದೇನೆ. ಕಾಲೇಜಿನ ಪ್ರಾಜೆಕ್ಟಿಗೆ ಮೆಥನಾಲ್ ಸರಿ, ಆದರೆ ಜನ ನುಂಗುವ ವಸ್ತುವಾದರೆ ನಾನು ಎಥನಾಲ್ ಬಿಟ್ಟು ಬೇರೆ ಯೋಚಿಸುವುದಿಲ್ಲ. ಔಷಧಿಯಲ್ಲಿ ಉಳಿಯಬಹುದಾದ ದ್ರಾವಕಕ್ಕೆ ಐ.ಸಿ.ಎಚ್. (ಔಷಧಿಗಳಿಗೆ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ) ಮಿತಿ ಇದೆ: ಎಥನಾಲ್ 5000 ಪಿ.ಪಿ.ಎಂ. (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಮೆಥನಾಲ್ 3000, ಹೆಕ್ಸೇನ್ 290, ಕ್ಲೋರೋಫಾರ್ಮ್ ಬರೀ 60. ಅಂಟು ಸಾರದಿಂದ ಕೊನೇ ಹನಿ ದ್ರಾವಕ ಬಿಡಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹಾಗೇ ಅಪ್ಪಟ ಎಥನಾಲೇ ಬೇಕು ಅಂತಿಲ್ಲ. 70 ಭಾಗ ಎಥನಾಲ್, 30 ಭಾಗ ನೀರು ಹಾಕಿ ನೋಡಿ. ನೀರಿಗೆ ಒಣ ಜೀವಕೋಶ ಉಬ್ಬುತ್ತದೆ, ಎಥನಾಲ್ ಒಳಗೆ ಹೋಗಲು ದಾರಿಯಾಗುತ್ತದೆ, ಫ್ಲೇವನಾಯ್ಡ್‌ಗಳೂ (ಗಿಡದ ಇನ್ನೊಂದು ಬಗೆಯ ಅಂಶಗಳು) ಚೆನ್ನಾಗಿ ಬರುತ್ತವೆ. ಬರೀ ನೀರಿನ ಸಾರ ಇಟ್ಟುಕೊಂಡಿದ್ದರೆ ಬೇಗ ಒಣಗಿಸಿ, ಬೂಸ್ಟು ಹಿಡಿಯುತ್ತದೆ.

ಉತ್ತರ 3: ಬ್ಯಾಕ್ಟೀರಿಯಾ ಮೇಲೆ ಪರೀಕ್ಷೆ ಮಾಡುವುದಾದರೆ ಬ್ಯಾಕ್ಟೀರಿಯಾ ತಟ್ಟೆಯ ಒಂದು ಗುಂಡಿಯೊಳಗೆ ಸಾರ ಹಾಕದೆ ದ್ರಾವಕ ಮಾತ್ರ ಹಾಕಿ, ಸಾರವನ್ನು ಡಿ.ಎಂ.ಎಸ್.ಒ. ಎಂಬ ದ್ರಾವಕದಲ್ಲಿ ಕರಗಿಸಿದ್ದರೆ ಡಿ.ಎಂ.ಎಸ್.ಒ. ಮಾತ್ರ. ಮೆಥನಾಲ್ ಉಳಿದಿದ್ದರೆ ಅದೇ ಬ್ಯಾಕ್ಟೀರಿಯಾ ಕೊಂದು ಸುತ್ತ ಖಾಲಿ ವೃತ್ತ ಮೂಡಿಸಬಹುದು, ಹೆಸರು ಗಿಡಕ್ಕೆ ಬರುತ್ತದೆ. ಮತ್ತೆ ಆ ಪೆಟ್ರೋಲಿಯಂ ಈಥರ್ ಕೆಲಸವನ್ನು ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಿ, ಹತ್ತಿರ ಎಲ್ಲೂ ಬರ್ನರ್ ಉರಿಯುತ್ತಿರಬಾರದು. ಅದರ ಆವಿ ಮೇಜಿನ ಮೇಲೆ ಹರಿದು ದೂರದ ಬೆಂಕಿಗೂ ಹತ್ತಿಕೊಳ್ಳುತ್ತದೆ.